ಮುಚ್ಚಿಟ್ಟ ಲ್ಯಾಪ್‌ಟಾಪ್ ನಿಜಕ್ಕೂ ಮಲಗಿದೆಯೇ?

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಬರೆದ ಮೂವರಿಗೂ ಪರಸ್ಪರ ಪರಿಚಯವಿಲ್ಲ, ಆದರೆ ಮೂವರ ಮನೆಯಲ್ಲೂ ಲ್ಯಾಪ್‌ಟಾಪ್ ನಿದ್ದೆಯದೇ ತಕರಾರು. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ ಇಡೀ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಮೊದಲನೆಯವರು ಗದಗ ಕಡೆಯ ನಿವೃತ್ತ ಮೇಷ್ಟ್ರು. ಈಗ ಕೋಥ್ರೂಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ನಲ್ಲಿ ತಮ್ಮೂರಿನ ಹಿರಿಯರಿಂದ ಕೇಳಿಕೊಂಡು ಬಂದ ಹಂತಿಯ ಪದ, ಗಾದೆ, ಒಗಟುಗಳನ್ನು ನೆನಪು ಮಾಡಿಕೊಂಡು ಟೈಪ್ ಮಾಡಿಡುತ್ತಿದ್ದಾರೆ. ಅವರು ಬರೆದದ್ದು ಹೀಗೆ: "ಮುಂಜಾನೆ ಎದ್ದು ಬರದು, ಹಂಗೇ ಮುಚ್ಚಿ ಇಡತೇನ್ರಿ. ಸಂಜೀಕ ತೆಗದರ ಬಹಳ ಸಲ ಎಲ್ಲಾ ಇದ್ದಲ್ಲೇ ಇರತದ. ಕೆಲವೊಂದು ದಿನ ಮಾತ್ರ ಹೊಸದಾಗಿ ಚಾಲೂ ಆಗತದ, ಬರದದ್ದು ಏನೂ ಇರಂಗಿಲ್ಲ. ಹಾಡಿದ ಮುದುಕಿ ಈಗಿಲ್ಲ. ಮತ್ತ ಯಾರನ್ನ ಕೇಳಲಿ?"

ಎರಡನೆಯವರು ವಾಕಡ್‌ನ ಓದುಗರು. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬ್ಯಾಗ್ ತೆರೆದರೆ ಲ್ಯಾಪ್‌ಟಾಪ್ ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತಿತ್ತಂತೆ. ಮೂರನೆಯದು ಭೋಸರಿಯ ಒಂದೇ ಕೋಣೆಯ ಮನೆಯಿಂದ ಬಂದ ಪತ್ರ. ನಡುರಾತ್ರಿ ಎರಡಕ್ಕೆ ಲ್ಯಾಪ್‌ಟಾಪ್ ತಾನಾಗಿ ಎದ್ದು ಫ್ಯಾನ್ ಗುಂಯ್ ಎನ್ನಿಸುತ್ತದೆ, ಎಂಟು ತಿಂಗಳ ಕೂಸೂ ಎದ್ದು ಕೂರುತ್ತದೆ. "ಭೂತ ಹೊಕ್ಕಿದೆಯೇ?" ಎಂದು ಆ ತಾಯಿ ಕೇಳಿದ್ದಾರೆ. ಭೂತವಲ್ಲ ತಾಯಿ, ವೇಳಾಪಟ್ಟಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ನಿದ್ದೆ ಎಂದರೇನು ಎಂಬುದು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಎಸಿಪಿಐ ಎಂಬ ಕಟ್ಟಳೆಯೊಂದನ್ನು ಹೊರತಂದವು. ಯಂತ್ರದ ವಿದ್ಯುತ್ತನ್ನು ಯಾರು, ಹೇಗೆ ನಿಭಾಯಿಸಬೇಕು ಎಂಬ ಒಪ್ಪಂದ ಅದು. ಅದರ ಪ್ರಕಾರ ಎಸ್0 ಎಂದರೆ ಎಚ್ಚರ, ಎಸ್5 ಎಂದರೆ ಪೂರ್ತಿ ಬಂದ್. ನಮಗೆ ಬೇಕಾದವು ನಡುವಿನ ಎರಡು: ಎಸ್3 ಮತ್ತು ಎಸ್4. ಎಸ್3 ಎಂದರೆ ನಾವು ಸ್ಲೀಪ್ ಎನ್ನುವುದು. ಪ್ರೊಸೆಸರ್, ಪರದೆ, ಡಿಸ್ಕ್ ಎಲ್ಲ ಆರುತ್ತವೆ, ರ‍್ಯಾಮ್‌ಗೆ ಮಾತ್ರ ಸಣ್ಣಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ರ‍್ಯಾಮ್‌ನ ಸ್ವಭಾವವೇ ಹಾಗೆ. ಅದರೊಳಗಿನ ಒಂದೊಂದು ಬಿಟ್ಟೂ ಸೋರುವ ಕೊಡದಲ್ಲಿಟ್ಟ ನೀರು, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಕರೆಂಟ್ ನಿಂತರೆ ನೆನಪೂ ಹೋಯಿತು. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದರಲ್ಲ, ಎಸ್3 ಅಂಥದ್ದು. ಬೆಳಿಗ್ಗೆ ಊದಿದರೆ ಉರಿ ಏಳುತ್ತದೆ, ಆದರೆ ಒಳಗೆ ಕೆಂಡ ಉಳಿದಿರಬೇಕು.

ಎಸ್4 ಎಂದರೆ ಹೈಬರ್ನೇಟ್. ರ‍್ಯಾಮ್‌ನಲ್ಲಿದ್ದ ನೆನಪನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರಿಬಿಡುತ್ತದೆ. ಚಾರ್ಜರ್ ಕಿತ್ತರೂ ಸರಿ, ಬ್ಯಾಟರಿ ತೆಗೆದರೂ ಸರಿ, ತಿಂಗಳು ಬಿಟ್ಟು ಬಂದರೂ ಬಿಟ್ಟಲ್ಲಿಂದಲೇ ಶುರು. ಏಳುವುದು ಸ್ವಲ್ಪ ನಿಧಾನ, ಅಷ್ಟೇ ಅದರ ದೋಷ.

ಇತ್ತೀಚಿನ ಯಂತ್ರಗಳಲ್ಲಿ ಇನ್ನೊಂದು ಬಗೆಯ ನಿದ್ದೆ ಬಂದಿದೆ. ವಿಂಡೋಸ್ 8ರ ಕಾಲದಲ್ಲಿ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಎಂದು ಶುರುವಾಗಿ ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. ಇದು ಎಸ್0ರ ಒಳಗಿನದೇ ತೂಕಡಿಕೆ. ಪುಣೆಯವರಿಗೆ ಬಿಡಿಸಿ ಹೇಳುವುದು ಸುಲಭ. ನಮ್ಮ ಪೇಠೆಗಳ ಹಳೆಯ ಅಂಗಡಿಕಾರರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲೆಳೆದು ಮಲಗಿದರೆ ಬ್ರಹ್ಮ ಬಂದು ಕರೆದರೂ ಏಳುವುದಿಲ್ಲ. ಅದು ಎಸ್3. ಶಟರ್ ಅರ್ಧ ಎಳೆದು ಒಳಗೆ ಲೆಕ್ಕ ಬರೆಯುತ್ತ, ಫೋನ್ ಎತ್ತುತ್ತ ಕೂತವನದು ಮಾಡರ್ನ್ ಸ್ಟ್ಯಾಂಡ್‌ಬೈ. ನನ್ನನ್ನು ಕೇಳಿದರೆ ಲ್ಯಾಪ್‌ಟಾಪ್‌ಗೆ ಮೊದಲನೆಯ ನಿದ್ದೆಯೇ ಸರಿ. ಫೋನಿನಂತೆ ಸದಾ ಎಚ್ಚರವಿರುವ ಲ್ಯಾಪ್‌ಟಾಪ್ ಬೇಕೆಂದು ಕೇಳಿದ ಒಬ್ಬ ಮನುಷ್ಯನನ್ನೂ ನಾನು ಈವರೆಗೆ ಕಂಡಿಲ್ಲ.

ನಿಮ್ಮ ಯಂತ್ರಕ್ಕೆ ಯಾವ ನಿದ್ದೆ ಬರುತ್ತದೆ ಎಂದು ಅದನ್ನೇ ಕೇಳಬಹುದು. ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ, ಬಂದ ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಪವರ್ ಎಂಬ ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ ಅಕ್ಷರಗಳು, ಆಮೇಲೆ ಒಂದು ಸ್ಪೇಸ್, ಒಂದು ಸ್ಲ್ಯಾಶ್, ಎ. ಎಂಟರ್ ಒತ್ತಿ. ಇನ್ನು ಮುಂದೆ ಇದನ್ನು ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ ಎಂದಷ್ಟೇ ಬರೆಯುತ್ತೇನೆ. ಬರುವ ಉತ್ತರದಲ್ಲಿ ಎರಡು ಭಾಗ: ಮೇಲಿನದು ಈ ಯಂತ್ರಕ್ಕೆ ಬರುವ ನಿದ್ದೆಗಳು, ಕೆಳಗಿನದು ಬಾರದವು ಮತ್ತು ಏಕೆ ಬಾರವು ಎಂಬ ಕಾರಣ. 2012ರಿಂದ 2018ರ ನಡುವೆ ಕೊಂಡ ಲ್ಯಾಪ್‌ಟಾಪ್ ಆದರೆ ಮೇಲಿನ ಭಾಗದಲ್ಲಿ ಸ್ಟ್ಯಾಂಡ್‌ಬೈ ಎಸ್3 ಮತ್ತು ಹೈಬರ್ನೇಟ್ ಎರಡೂ ಸಾಮಾನ್ಯವಾಗಿ ಇರುತ್ತವೆ.

ಎಸ್3 ಕೆಳಗಿನ ಭಾಗಕ್ಕೆ ಬಿದ್ದಿದ್ದು, ಸ್ಟಾರ್ಟ್ ಮೆನುವಿನಲ್ಲಿ ಸ್ಲೀಪ್ ಎಂಬ ಆಯ್ಕೆಯೇ ಮಾಯವಾಗಿದ್ದರೆ, ಹತ್ತರಲ್ಲಿ ಏಳೆಂಟು ಸಲ ಗ್ರಾಫಿಕ್ಸ್ ಡ್ರೈವರ್ ಇಲ್ಲವೆಂದೇ ನಾನು ಊಹಿಸುತ್ತೇನೆ. ಓಣಿಯ ಅಂಗಡಿಯಲ್ಲಿ 'ಫಾರ್ಮ್ಯಾಟ್ ಮಾಡಿ ಕೊಡಿ' ಎಂದು ಬಿಟ್ಟು ಬಂದ ಮೇಲೆ ಶುರುವಾಗುವ ಕಾಯಿಲೆ ಇದು. ವಿಂಡೋಸ್ ಹಾಕಿರುತ್ತಾರೆ, ಪರದೆ ಮೂಡುತ್ತದೆ, ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಅದು ಬಾಡಿಗೆ ಡ್ರೈವರ್, ಅದಕ್ಕೆ ಯಂತ್ರವನ್ನು ಮಲಗಿಸಿ ಎಬ್ಬಿಸುವ ವಿದ್ಯೆ ಗೊತ್ತಿಲ್ಲ. ನಿಮ್ಮ ಮಾದರಿಯ ಸರಿಯಾದ ಡ್ರೈವರ್ ಹಾಕಿದ ದಿನವೇ ಸ್ಲೀಪ್ ಮರಳಿ ಬರುತ್ತದೆ.

ಈಗ ಮೇಷ್ಟ್ರ ವಿಷಯ. ಅವರ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು 'ಹೊಸದಾಗಿ ಚಾಲೂ ಆಗತದ' ಎಂಬ ಮಾತು. ಎಬ್ಬಿಸಿದಾಗ ಪರದೆ ಕಪ್ಪಾಗಿಯೇ ಉಳಿಯುವುದು ಬೇರೆ ರೋಗ, ಕಂಪನಿಯ ಲಾಂಛನ ಮೂಡಿ ಮೊದಲಿಂದ ಶುರುವಾಗುವುದು ಬೇರೆ ರೋಗ. ಮೊದಲನೆಯದರಲ್ಲಿ ಯಂತ್ರಕ್ಕೆ ಏಳಲು ಬರುತ್ತಿಲ್ಲ. ಎರಡನೆಯದರಲ್ಲಿ ಅದು ನಿದ್ದೆಯಲ್ಲೇ ಪ್ರಾಣ ಬಿಟ್ಟಿದೆ, ಅಂದರೆ ಬೂದಿಯೊಳಗಿನ ಕೆಂಡ ಆರಿದೆ.

ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್ ಒಂದು ದಿನಚರಿ ಇಡುತ್ತದೆ. ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ಆರಿಸಿ. ಕರ್ನಲ್ ಪವರ್ ಹೆಸರಿನಲ್ಲಿ 42 ಎಂಬ ಸಂಖ್ಯೆ ಕಂಡರೆ ಆಗ ಯಂತ್ರ ಮಲಗಲು ಹೊರಟಿದೆ ಎಂದರ್ಥ. ಅದೇ ಹೆಸರಿನಲ್ಲಿ 41 ಕಂಡರೆ ಹಿಂದಿನ ಸಲ ಸರಿಯಾಗಿ ಬಂದ್ ಆಗದೆ ಸತ್ತಿದೆ ಎಂದರ್ಥ. ಎಚ್ಚರಗೊಂಡದ್ದು ಪವರ್ ಟ್ರಬಲ್‌ಶೂಟರ್ ಹೆಸರಿನಲ್ಲಿ ದಾಖಲಾಗುತ್ತದೆ, ಮಲಗಿದ ಸಮಯ, ಎದ್ದ ಸಮಯ ಎರಡರ ಜೊತೆಗೂ. ಮೇಷ್ಟ್ರಿಗೆ ಫೋನಿನಲ್ಲಿ ದಾರಿ ಹೇಳಿ 41 ಕಂಡ ತಾರೀಖುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ ಎಂದೆ. ಐದು ತಾರೀಖು ಸಿಕ್ಕವು. "ಈಗ ಗೋಡೆಯ ಕ್ಯಾಲೆಂಡರ್ ನೋಡಿ ವಾರ ಹೇಳ್ರಿ ಸರ್" ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾಲ್ಕು ಗುರುವಾರ ಅವಪ್ಪಾ!"

ಪುಣೆಯಲ್ಲಿ ಸಂಸಾರ ಮಾಡಿದವರಿಗೆ ಇನ್ನು ಹೇಳಬೇಕಾದ್ದಿಲ್ಲ. ದುರಸ್ತಿಗೆಂದು ಕರೆಂಟ್ ತೆಗೆಯುವುದೂ ಗುರುವಾರ, ನಲ್ಲಿ ನಿಲ್ಲಿಸುವುದೂ ಗುರುವಾರ. ಮೇಷ್ಟ್ರ ಲ್ಯಾಪ್‌ಟಾಪ್ ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಇರುತ್ತದೆ, ಬ್ಯಾಟರಿಯ ಸ್ಥಿತಿ ಏನೆಂದು ಯಾರೂ ನೋಡಿಲ್ಲ. ಪವರ್‌ಸಿಎಫ್‌ಜಿ ಸ್ಲ್ಯಾಶ್ ಬ್ಯಾಟರಿರಿಪೋರ್ಟ್ (ಎರಡೂ ಪದ ಕೂಡಿಸಿ) ಎಂದು ಕೊಟ್ಟರೆ ಒಂದು ವರದಿ ಸಿದ್ಧವಾಗುತ್ತದೆ, ಅದು ಉಳಿದಿರುವ ಜಾಗವನ್ನೂ ಪರದೆಯೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದು 'ಡಿಸೈನ್ ಕೆಪ್ಯಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪ್ಯಾಸಿಟಿ' ಎಂಬ ಎರಡು ಅಂಕಿ ನೋಡಿ. ಅವರದು ಹೊಸದಿದ್ದಾಗ ಸುಮಾರು 41 ವ್ಯಾಟ್ ಅವರ್, ಈಗ ಉಳಿದಿರುವುದು 3 ಚಿಲ್ಲರೆ.

ಇಲ್ಲಿ ಸಣ್ಣ ಲೆಕ್ಕ. ಈ ಕಾಲದ ಲ್ಯಾಪ್‌ಟಾಪ್ ಎಸ್3 ನಿದ್ದೆಯಲ್ಲಿ ಅರ್ಧದಿಂದ ಒಂದು ವ್ಯಾಟ್ ತಿನ್ನುತ್ತದೆ ಎಂದು ಹಿಡಿಯಿರಿ. ಒಂದು ವ್ಯಾಟ್ ಎಂದೇ ಇಟ್ಟುಕೊಂಡರೂ 41 ವ್ಯಾಟ್ ಅವರ್‌ನ ಹೊಸ ಬ್ಯಾಟರಿ 41 ಗಂಟೆ ಕೆಂಡ ಕಾಯುತ್ತದೆ, ಸುಮಾರು ಒಂದೂಮುಕ್ಕಾಲು ದಿನ. 3 ವ್ಯಾಟ್ ಅವರ್ ಎಂದರೆ ಮೂರೇ ತಾಸು. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋದರೆ ಒಂದರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾಲ್ಕಕ್ಕೆ ಕರೆಂಟ್ ಮರಳಿ ಸಂಜೆ ಮೇಷ್ಟ್ರು ಮುಚ್ಚಳ ತೆರೆದಾಗ ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಚಾರ್ಜರ್ ದೀಪವೂ ಉರಿಯುತ್ತಿರುತ್ತದೆ.

ಬ್ಯಾಟರಿ ಇಳಿಯುತ್ತ ಬಂದಾಗ ವಿಂಡೋಸ್ ತಾನೇ ಎದ್ದು ಹೈಬರ್ನೇಟ್ ಆಗಬೇಕಲ್ಲ ಎಂದು ತಿಳಿದವರು ಕೇಳಬಹುದು. ಆಗಬೇಕು, ನಿಜ. ಆದರೆ ಸವೆದ ಬ್ಯಾಟರಿ ಮೆಟ್ಟಿಲಿಳಿದಂತೆ ಇಳಿಯುವುದಿಲ್ಲ, ಮಾಳಿಗೆಯಿಂದ ಜಾರಿದಂತೆ ಇಳಿಯುತ್ತದೆ. 40 ಪ್ರತಿಶತ ತೋರಿಸುತ್ತಿದ್ದದ್ದು ಮರುಕ್ಷಣ ಸೊನ್ನೆ. ಏಳುವಷ್ಟು ತ್ರಾಣವಿದ್ದರೆ ತಾನೇ ಬರೆದಿಡುವುದು?

ಇದಕ್ಕೆ ಡ್ರೈವರ್, ಬಯೋಸ್ ಯಾವುದೂ ಬೇಕಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಗಡೆ 'ಮುಚ್ಚಳ ಮುಚ್ಚಿದರೆ ಏನಾಗಬೇಕು' ಎಂಬ ಕೊಂಡಿ. ಅಲ್ಲಿ ಆನ್ ಬ್ಯಾಟರಿ, ಪ್ಲಗ್ಡ್ ಇನ್ ಎರಡಕ್ಕೂ ಹೈಬರ್ನೇಟ್ ಆರಿಸಿ ಸೇವ್ ಮಾಡಿ. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಅಡ್ಮಿನ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಸ್ಲ್ಯಾಶ್ ಎಚ್, ಸ್ಪೇಸ್, ಆನ್ ಎಂದು ಕೊಟ್ಟು ಮತ್ತೆ ನೋಡಿ. ವಿಂಡೋಸ್ 10ರಲ್ಲಿ ಇದಕ್ಕಾಗಿ ರ‍್ಯಾಮ್‌ನ ಸುಮಾರು 40 ಪ್ರತಿಶತದಷ್ಟು ಜಾಗ ಡಿಸ್ಕಿನಲ್ಲಿ ಹೋಗುತ್ತದೆ, 8 ಜಿಬಿ ರ‍್ಯಾಮ್ ಇದ್ದರೆ 3 ಜಿಬಿಗಿಂತ ತುಸು ಹೆಚ್ಚು. ಹೋಗಲಿ ಬಿಡಿ. ಹಂತಿಯ ಪದಗಳ ಮುಂದೆ 3 ಜಿಬಿ ಯಾವ ಲೆಕ್ಕ? ಜೊತೆಗೆ ವರ್ಡ್ ಬಳಸುವವರು ಆಪ್ಷನ್ಸ್‌ನ ಸೇವ್ ವಿಭಾಗಕ್ಕೆ ಹೋಗಿ ಆಟೋರಿಕವರ್‌ನ 10 ನಿಮಿಷವನ್ನು 2ಕ್ಕೆ ಇಳಿಸಿಕೊಳ್ಳಿ.

ಇನ್ನು ಕಪ್ಪು ಪರದೆಯ ರೋಗ. ಈ ಸಲದ ಮೂರು ಪತ್ರಗಳಲ್ಲಿ ಅದಿಲ್ಲ, ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಅದೇ. ಮುಚ್ಚಳ ತೆರೆದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಅಮಾವಾಸ್ಯೆ. ಎಲ್ಲರೂ ಮೊದಲು ಮಾಡುವುದು ಪವರ್ ಗುಂಡಿಯನ್ನು ಕತ್ತು ಹಿಸುಕಿದಂತೆ ಒತ್ತಿ ಹಿಡಿಯುವುದು. ಅದಕ್ಕೆ ಮೊದಲು ಅರ್ಧ ನಿಮಿಷ ತಾಳಿ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಕಣ್ಣು ಮಾತ್ರ ಬಿಟ್ಟಿಲ್ಲ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ವಿಂಡೋಸ್ 10ರಲ್ಲಿ ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮತ್ತೆ ಶುರು ಮಾಡುತ್ತದೆ, ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ಒಂದು ಬೀಪ್ ಕೇಳಿಸಿ ಪರದೆ ಮೂಡಿದರೆ ಕಳ್ಳ ಸಿಕ್ಕ, ಅವನು ಡ್ರೈವರ್. ಮೂಡದಿದ್ದರೆ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರಗಳು ಕಂಡರೆ ಚಿತ್ರ ಬರುತ್ತಿದೆ, ಹಿಂಬದಿ ಬೆಳಕು ಹೋಗಿದೆ ಎಂದರ್ಥ. ಅದು ರಿಪೇರಿಯವನ ಕೆಲಸ. ಕ್ಯಾಪ್ಸ್ ಲಾಕ್ ದೀಪವೂ ಮಿಸುಕದಿದ್ದರೆ ಇಡೀ ಯಂತ್ರವೇ ಸೆಟೆದಿದೆ, ಆಗ ಗುಂಡಿ ಹಿಡಿಯದೆ ಬೇರೆ ದಾರಿಯಿಲ್ಲ.

ಕಾರಣ ಹೆಚ್ಚಾಗಿ ಇದು: ವಿಂಡೋಸ್ 7 ಅಥವಾ 8ಕ್ಕೆಂದು ಕಟ್ಟಿದ ಯಂತ್ರಕ್ಕೆ ನಾವು ವಿಂಡೋಸ್ 10 ತೊಡಿಸಿದ್ದೇವೆ. ತಯಾರಕರು ಆ ಮಾದರಿಯನ್ನು ಮರೆತಿದ್ದಾರೆ, ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಸಾಮಾನ್ಯ ಡ್ರೈವರ್ ಹಾಕಿದೆ. 'ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿ' ಎಂಬ ಸಲಹೆ ಹಳೆಯ ಯಂತ್ರಗಳ ಮಟ್ಟಿಗೆ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಬೇಕಾದದ್ದು ಹೊಸ ಡ್ರೈವರ್ ಅಲ್ಲ, ಒಗ್ಗುವ ಡ್ರೈವರ್. ತಯಾರಕರ ಜಾಲತಾಣದಲ್ಲಿ ಯಂತ್ರದ ಹೊಟ್ಟೆಯ ಮೇಲಿನ ಸೀರಿಯಲ್ ನಂಬರ್ ಕೊಟ್ಟು ಚಿಪ್‌ಸೆಟ್, ಗ್ರಾಫಿಕ್ಸ್, ಮ್ಯಾನೇಜ್‌ಮೆಂಟ್ ಎಂಜಿನ್ ಈ ಮೂರರ ಡ್ರೈವರ್ ಇಳಿಸಿಕೊಳ್ಳಿ. ವಿಂಡೋಸ್ 8ರ ಕಾಲದ್ದಾದರೂ ಎಷ್ಟೋ ಸಲ ಅದೇ ಕೆಲಸ ಮಾಡುತ್ತದೆ. ತೊಂದರೆ ಇತ್ತೀಚೆಗಷ್ಟೇ ಶುರುವಾಗಿದ್ದರೆ ಇನ್ನೂ ಸುಲಭ: ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್‌ನ ಪ್ರಾಪರ್ಟೀಸ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಬಯೋಸ್ ಅಪ್‌ಡೇಟ್ ಕೊನೆಯ ಅಸ್ತ್ರ. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿದ ಮೇಲೆ ಮಾತ್ರ. ಗುರುವಾರವಂತೂ ಬೇಡ.

ಇನ್ನೊಂದು ಸೂಕ್ಷ್ಮ. ಹೊಸ ಡ್ರೈವರ್ ಹಾಕಿದ ಮೇಲೆ ಶಟ್‌ಡೌನ್ ಮಾಡಿ ಆನ್ ಮಾಡುವುದಲ್ಲ, ರೀಸ್ಟಾರ್ಟ್ ಮಾಡಿ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ. ಶಟ್‌ಡೌನ್ ಒತ್ತಿದರೂ ಅದು ವಿಂಡೋಸ್‌ನ ಒಳತಿರುಳನ್ನು ಡಿಸ್ಕಿನಲ್ಲಿ ಕಟ್ಟಿಟ್ಟು, ಮರುದಿನ ಅದೇ ಗಂಟನ್ನು ಬಿಚ್ಚುತ್ತದೆ. ಗಂಟಿನೊಳಗಿನ ರೋಗವೂ ಹಾಗೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ನಿಜಕ್ಕೂ ಮೊದಲಿಂದ ಶುರು. ನಿದ್ದೆಯ ತೊಂದರೆಯಿರುವ ಹಳೆಯ ಯಂತ್ರದಲ್ಲಿ ಪವರ್ ಆಪ್ಷನ್ಸ್‌ನ ಗುಂಡಿಗಳ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದುಬಿಡಿ. ಇದಕ್ಕೆಂದು ಪವರ್‌ಸಿಎಫ್‌ಜಿ ಸ್ಲ್ಯಾಶ್ ಎಚ್ ಆಫ್ ಕೊಡಿ ಎನ್ನುವವರ ಮಾತು ಕೇಳಬೇಡಿ. ಅದು ಹೈಬರ್ನೇಟನ್ನೂ ಕಿತ್ತುಕೊಂಡು ಹೋಗುತ್ತದೆ.

ವಾಕಡ್‌ನವರ ಬಿಸಿ ಬ್ಯಾಗಿಗೆ ಬರೋಣ. ಅವರ ಯಂತ್ರದ ದಿನಚರಿಯಲ್ಲಿ ಆ ರಾತ್ರಿ ಮಲಗಿದ್ದು, ಎದ್ದಿದ್ದು ಹತ್ತಾರು ಸಲ ದಾಖಲಾಗಿತ್ತು, ಎಬ್ಬಿಸಿದವರು ಯಾರು ಎಂಬಲ್ಲಿ ಯುಎಸ್‌ಬಿ ಎಂದಿತ್ತು. ವೈರ್‌ಲೆಸ್ ಮೌಸ್‌ನ ಪುಟ್ಟ ಡಾಂಗಲ್ ಲ್ಯಾಪ್‌ಟಾಪ್‌ನಲ್ಲೇ ಇತ್ತು, ಮೌಸ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಆನ್ ಆಗಿಯೇ ಇತ್ತು. ಸಾತಾರಾ, ಕರಾಡ್, ಕೊಲ್ಹಾಪುರ, ಬೆಳಗಾವಿ ಎಂದು ಬಸ್ಸು ಕುಲುಕಿದಾಗಲೆಲ್ಲ ಮೌಸ್ 'ಏಳು ಏಳು' ಎಂದಿದೆ. ಎದ್ದ ಯಂತ್ರಕ್ಕೆ ಮುಚ್ಚಳ ಆಗಲೇ ಮುಚ್ಚಿರುವುದರಿಂದ ಮತ್ತೆ 'ಮುಚ್ಚಿದರು' ಎಂಬ ಸೂಚನೆ ಬರುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಎಚ್ಚರವಾಗಿ, ಗಾಳಿಯಿಲ್ಲದ ಬ್ಯಾಗಿನಲ್ಲಿ ಬೇಯುತ್ತ ಕೂರುತ್ತದೆ.

ಯಾವ್ಯಾವ ಸಾಧನಗಳಿಗೆ ಎಬ್ಬಿಸುವ ಹಕ್ಕಿದೆ ಎಂದು ಪವರ್‌ಸಿಎಫ್‌ಜಿ ಸ್ಲ್ಯಾಶ್ ಡಿವೈಸ್‌ಕ್ವೆರಿ, ಸ್ಪೇಸ್, ವೇಕ್, ಅಂಡರ್‌ಸ್ಕೋರ್, ಆರ್ಮ್ಡ್ ಎಂದು ಕೇಳಿದರೆ ಪಟ್ಟಿ ಸಿಗುತ್ತದೆ. ಅದರಲ್ಲಿ ಮೌಸ್, ನೆಟ್‌ವರ್ಕ್ ಕಾರ್ಡ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆಯಾ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಹಾಳೆಗೆ ಹೋಗಿ 'ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು' ಎಂಬ ಟಿಕ್ ತೆಗೆಯಿರಿ. ಊರಿಗೆ ಹೊರಡುವ ದಿನ ಮಾತ್ರ ಸ್ಲೀಪನ್ನು ನಂಬದೆ ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡಿ. ದೀಪ ಪೂರ್ತಿ ಆರಿ, ಫ್ಯಾನ್ ನಿಂತ ಮೇಲೆಯೇ ಬ್ಯಾಗಿಗೆ ಹಾಕಿ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಹೈಬರ್ನೇಟ್‌ಗೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಬೇಕು. ಬರೆಯುತ್ತಿರುವಾಗಲೇ ಎತ್ತಿ ಕುಕ್ಕಿದರೆ ಡಿಸ್ಕಿಗೇ ಪೆಟ್ಟು.

ಅವರಿಗೆ ನಾನು ಕೇಳಿದ ಇನ್ನೊಂದು ಪ್ರಶ್ನೆ: ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಸಮನಾಗಿ ಕೂರುತ್ತದೆಯೇ, ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದೆಯೇ, ನಡುವೆ ಉಬ್ಬಿದೆಯೇ? ಬಿಸಿಯಲ್ಲಿ ಬೆಂದ ಹಳೆಯ ಲಿಥಿಯಂ ಬ್ಯಾಟರಿ ಒಳಗೆ ಅನಿಲ ತುಂಬಿ ಊದುತ್ತದೆ, ಮೊದಲು ತಿಳಿಯುವುದು ಟಚ್‌ಪ್ಯಾಡ್‌ನಲ್ಲಿ. ಅವರದು ಊದಿರಲಿಲ್ಲ, ಪುಣ್ಯ. ಊದಿದ್ದರೆ ಚಾರ್ಜ್ ಮಾಡುವುದನ್ನು ಆಗಲೇ ನಿಲ್ಲಿಸಬೇಕು. ಅದುಮಿ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ತೆಗೆಯುವುದು ಇವೆಲ್ಲ ಬೆಂಕಿಗೆ ಆಹ್ವಾನ. ಅಂಥ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕಲೇಬೇಡಿ. ನಮ್ಮ ಊರಿನಲ್ಲಿ ಬಾಗಿಲಿಗೆ ಬಂದು ಕಸ ಒಯ್ದು ಕೈಯಿಂದಲೇ ಬೇರ್ಪಡಿಸುವವರು 'ಸ್ವಚ್ಛ್' ಸಹಕಾರಿ ಸಂಘದ ಹೆಂಗಸರು. ಬುಟ್ಟಿಯಲ್ಲಿ ನಜ್ಜುಗುಜ್ಜಾದ ಬ್ಯಾಟರಿ ಹೊತ್ತಿಕೊಳ್ಳುವುದು ಅವರ ಕೈಯಲ್ಲಿ. ಬೇರೆಯಾಗಿ, ಹೇಳಿ ಕೊಡಿ, ಇಲ್ಲವೇ ಹೊಸ ಬ್ಯಾಟರಿ ಕೊಂಡಲ್ಲೇ ಹಳೆಯದನ್ನು ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಹೊಸ ಬ್ಯಾಟರಿ ಕೊಳ್ಳಲು ಬುಧವಾರ ಪೇಠೆಯ ತಪಕೀರ್ ಗಲ್ಲಿಗೋ ಬೇರೆಲ್ಲಿಗೋ ಹೋಗುವವರು ಹಳೆಯದರ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ. 10.8 ವೋಲ್ಟ್ ಎಂದಿರುವಲ್ಲಿ ಅಂಗಡಿಯವನು 11.1 ಕೊಟ್ಟರೆ ಗಾಬರಿ ಬೇಡ, ಎರಡೂ ಮೂರು ಸೆಲ್‌ಗಳ ಸರಣಿಯೇ, ಚೀಟಿ ಬರೆಯುವ ರೀತಿ ಬೇರೆ. ಆದರೆ 14.8 ಕೊಟ್ಟು 'ಚಾಲತಯ್' ಎಂದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಇನ್ನುಳಿದದ್ದು ಭೋಸರಿಯ ಭೂತ. ವಿಂಡೋಸ್ 10ರಲ್ಲಿ ಆಟೋಮ್ಯಾಟಿಕ್ ಮೇಂಟೆನೆನ್ಸ್ ಎಂಬ ಮನೆಗೆಲಸವೊಂದಿದೆ, ಅದರ ರೂಢಿಯ ಸಮಯ ರಾತ್ರಿ 2 ಗಂಟೆ. ಯಂತ್ರ ಚಾರ್ಜರ್‌ಗೆ ಸಿಕ್ಕಿಸಿದ್ದು, ಎಬ್ಬಿಸಲು ಅನುಮತಿಯಿದ್ದರೆ ಅದು ಎಬ್ಬಿಸಿಯೇ ಕೆಲಸ ಮಾಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಸೆಕ್ಯುರಿಟಿ ಆ್ಯಂಡ್ ಮೇಂಟೆನೆನ್ಸ್‌ನಲ್ಲಿ ಇದರ ಸೆಟ್ಟಿಂಗ್ ಇದೆ. ಸಮಯವನ್ನು ಮಧ್ಯಾಹ್ನಕ್ಕೆ ಬದಲಿಸಿ, ಎಬ್ಬಿಸುವ ಟಿಕ್ ತೆಗೆಯಿರಿ. ಬೇರೆ ಯಾರಾದರೂ ಅಲಾರಂ ಇಟ್ಟಿದ್ದಾರೆಯೇ ಎಂದು ಪವರ್‌ಸಿಎಫ್‌ಜಿ ಸ್ಲ್ಯಾಶ್ ವೇಕ್‌ಟೈಮರ್ಸ್ ಹೇಳುತ್ತದೆ, ಕೊನೆಗೆ ಎಬ್ಬಿಸಿದವರಾರು ಎಂಬುದನ್ನು ಸ್ಲ್ಯಾಶ್ ಲಾಸ್ಟ್‌ವೇಕ್. ಪವರ್ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ, ಸ್ಲೀಪ್ ಕೆಳಗೆ, 'ಅಲೋ ವೇಕ್ ಟೈಮರ್ಸ್' ಅನ್ನು ಡಿಸೇಬಲ್ ಮಾಡಿದರೆ ಕೂಸಿಗೂ ನೆಮ್ಮದಿ. ಇದಕ್ಕೆ ಉಲ್ಟಾ, ಎಷ್ಟು ಹೊತ್ತಾದರೂ ಮಲಗದ ಯಂತ್ರವನ್ನು ಯಾರು ಹಿಡಿದು ಕೂರಿಸಿದ್ದಾರೆ ಎಂದು ತಿಳಿಯಲು ಸ್ಲ್ಯಾಶ್ ರಿಕ್ವೆಸ್ಟ್ಸ್. ನಿಲ್ಲಿಸಲು ಮರೆತ ಹಾಡಿನ ಟ್ಯಾಬ್ ಒಂದು ಸಿಕ್ಕೀತು.

ಬರೆಯುತ್ತ ಕೂತಾಗಲೇ ಲ್ಯಾಪ್‌ಟಾಪ್ ಪಟ್ಟನೆ ಮಲಗಿಬಿಡುತ್ತದೆ ಎನ್ನುವವರು ಮೊದಲು ಕೈಗಡಿಯಾರ, ಮೊಬೈಲ್ ಕವರ್ ನೋಡಿಕೊಳ್ಳಿ. ಮುಚ್ಚಳ ಮುಚ್ಚಿದ್ದು ಗೊತ್ತಾಗಲು ಹೆಚ್ಚಿನ ಲ್ಯಾಪ್‌ಟಾಪ್‌ಗಳ ಪರದೆಯಂಚಿನಲ್ಲಿ ಸಣ್ಣ ಅಯಸ್ಕಾಂತ, ಕೀಬೋರ್ಡಿನ ಬದಿಯಲ್ಲಿ ಅದನ್ನು ಗ್ರಹಿಸುವ ಹಾಲ್ ಸೆನ್ಸರ್ ಇರುತ್ತದೆ. ಅಯಸ್ಕಾಂತದ ಗುಂಡಿಯ ಫ್ಲಿಪ್ ಕವರ್ ಅಥವಾ ಗಡಿಯಾರದ ಪಟ್ಟಿ ಅದರ ಮೇಲೆ ಬಂದರೂ ಸೆನ್ಸರ್‌ಗೆ ಮುಚ್ಚಳವೇ ಬಂದಂತೆ. ಒಂದರ ಮೇಲೊಂದು ಲ್ಯಾಪ್‌ಟಾಪ್ ಇಟ್ಟಾಗ ಆಗುವ ತೊಂದರೆಯೂ ಇದೇ.

ಲಿನಕ್ಸ್ ಹಾಕಿಕೊಂಡವರಿಗೆ ಎರಡು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ರ ಷರತ್ತಿಗೆ ಒಗ್ಗದ ಯಂತ್ರಗಳಿಗೆ ಅದು ಒಳ್ಳೆಯ ದಾರಿ. ಟರ್ಮಿನಲ್‌ನಲ್ಲಿ ಕ್ಯಾಟ್, ಸ್ಪೇಸ್, ಸ್ಲ್ಯಾಶ್ ಸಿಸ್, ಸ್ಲ್ಯಾಶ್ ಪವರ್, ಸ್ಲ್ಯಾಶ್ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಎಂದು ಕೊಡಿ. ಚೌಕ ಕಂಸದೊಳಗೆ ಡೀಪ್ ಎಂದಿದ್ದರೆ ಬಳಕೆಯಲ್ಲಿರುವುದು ಎಸ್3. ಎಸ್2ಐಡಲ್ ಎಂದು ಕಂಸದೊಳಗಿದ್ದು ಡೀಪ್ ಹೊರಗೆ ನಿಂತಿದ್ದರೆ, ಕರ್ನಲ್‌ನ ಆರಂಭದ ಸಾಲಿಗೆ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಅಂಡರ್‌ಸ್ಕೋರ್ ಡಿಫಾಲ್ಟ್ ಈಕ್ವಲ್ಸ್ ಡೀಪ್ ಎಂದು ಸೇರಿಸಿದರೆ ಆಳವಾದ ನಿದ್ದೆ ಬರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನ ನಿದ್ದೆಯ ಬಗ್ಗೆ ಬರೆಯುವವರು ಮಾದರಿಯ ಹೆಸರು, ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ ಕೊಟ್ಟ ಉತ್ತರದ ಫೋಟೋ, ಬ್ಯಾಟರಿ ವರದಿಯ ಎರಡು ಅಂಕಿ ಕಳಿಸಿ. ತೊಂದರೆಯಾದ ದಿನಗಳ ಮುಂದೆ ವಾರವನ್ನೂ ಬರೆಯಿರಿ.